ನೌಕರಿ ಬಿಟ್ಟವರ ತಂಬೂರಿ

ಮಿರಜ ಎಂದರೆ ನಮ್ಮ ಅಥಣಿ, ಕಾಗವಾಡ, ರಾಯಬಾಗ ಕಡೆಯ ಮಂದಿಗೆ ಮೊದಲು ನೆನಪಾಗುವುದು ದವಾಖಾನೆ. ಡಾ. ವಾನ್ಲೆಸ್ ಸಾಹೇಬರು 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದಂದಿನಿಂದ ಗಡಿಯ ಈಚೆಗಿನ ಕನ್ನಡ ಜನ ಜಡ್ಡು ಜಾಪತ್ರೆ ಎಂದರೆ ಮಿರಜದ ಹಾದಿ ಹಿಡಿದವರೇ. ಎರಡನೆಯದಾಗಿ ನೆನಪಾಗುವುದು ರೈಲ್ವೆ ಜಂಕ್ಷನ್. ಆದರೆ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳ ಹಾಡುವವರ ಮನೆಯಲ್ಲಿ ಮಿರಜ ಎಂದು ಬಾಯಿ ತೆರೆದು ನೋಡಿ. ದವಾಖಾನೆಯ ಸುದ್ದಿಯೇ ಬರುವುದಿಲ್ಲ. 'ನಮ್ಮ ಜೋಡಿ ಅಲ್ಲಿಯದು' ಎಂದು ಮೂಲೆಯಲ್ಲಿ ಗವಸು ಹಾಕಿ ನಿಲ್ಲಿಸಿದ ಎರಡು ತಂಬೂರಿಗಳ ಕಡೆ ಕೈ ತೋರಿಸುತ್ತಾರೆ.

ಈ ತಂಬೂರಿಯ ಊರಿಗೆ ಈಚೆಗೆ ನಾನು ಹೋದದ್ದು ತಂಬೂರಿ ಕೊಳ್ಳಲಿಕ್ಕಲ್ಲ. ಒಂದು ಮನೆಗೆಲಸದ ಪಂಚಾಯಿತಿಗೆ. ನಮ್ಮಣ್ಣನ ಮಗ ಬೆಂಗಳೂರಿನ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಕೆಲಸದಲ್ಲಿದ್ದಾನೆ. ಅಮೆರಿಕದ ಯಾವುದೋ ವಿಮೆಯವರ ಲೆಕ್ಕಪತ್ರ ಸರಿಯಾಗಿಡುವ ಕೆಲಸ. ಪಗಾರ ಒಳ್ಳೆಯದು, ಮನೆ ಸಾಲದ ಕಂತೂ ಅಷ್ಟೇ ಒಳ್ಳೆಯದು! ಹುಡುಗ ಚಿಕ್ಕಂದಿನಲ್ಲಿ ಎಂಟು ವರ್ಷ ಗಾಯನ ಕಲಿತವ. ಈಗ ಇದ್ದಕ್ಕಿದ್ದಂತೆ ನೌಕರಿ ಬಿಡುತ್ತೇನೆ, ಮೊಬೈಲಿನಲ್ಲಿ ತಂಬೂರಿ ನುಡಿಸುವ ತಂತ್ರಾಂಶ ಮಾಡುವ ಸ್ವಂತ ಕಂಪನಿ ತೆಗೆಯುತ್ತೇನೆ ಎಂದು ಕುಳಿತಿದ್ದ. ಅಣ್ಣ ಊಟ ಬಿಟ್ಟಿದ್ದ. ವೈನಿ ನನಗೆ ಫೋನು ಮಾಡಿ, "ನಿಮ್ಮ ಮಾತ ಕೇಳತಾನ, ಒಂದಿಷ್ಟು ಬುದ್ಧಿ ಹೇಳ್ರಿ" ಎಂದರು.

ಬುದ್ಧಿ ಹೇಳುವುದು ನನ್ನಿಂದಾಗದ ಕೆಲಸ. "ರಾಣಿ ಚೆನ್ನಮ್ಮ ಹಿಡದು ಮಿರಜಕ್ಕ ಬಾ, ನಾನೂ ಬರ್ತೀನಿ" ಎಂದೆ. ತಂಬೂರಿಯ ಧಂದೆ ಮಾಡುವವನು ತಂಬೂರಿ ಮಾಡುವವರನ್ನು ಒಂದು ಸಲವಾದರೂ ನೋಡಿರಲಿ ಎಂಬುದಷ್ಟೇ ನನ್ನ ಲೆಕ್ಕ.

ಸಾಣೆಗಲ್ಲಿನಿಂದ ಸತಾರಕ್ಕೆ

ಮಿರಜದಲ್ಲಿ ಸಿತಾರಿಗೆ ಸತಾರ ಎನ್ನುತ್ತಾರೆ. ಸತಾರ್‌ಮೇಕರ್ ಗಲ್ಲಿ ಎಂದರೆ ಯಾರಾದರೂ ದಾರಿ ತೋರಿಸಿಯಾರು. ಅಲ್ಲಿ ಅಡ್ಡಹೆಸರೇ ಸತಾರ್‌ಮೇಕರ್. ಈ ಮನೆತನಗಳ ಹಳೆಯ ಹೆಸರು ಶಿಕಲಗಾರ, ಅಂದರೆ ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುವವರು. ಪಟವರ್ಧನ ಸಂಸ್ಥಾನಿಕರ ಕಾಲದಲ್ಲಿ ಅದು ಕೈತುಂಬ ಕೆಲಸ. ಇಂಗ್ರಜಿ ಆಡಳಿತ ಬಂದು ಯುದ್ಧಗಳೇ ನಿಂತ ಮೇಲೆ ಕತ್ತಿಗೆ ಸಾಣೆ ಯಾರಿಗೆ ಬೇಕು? 1850ರ ಸುಮಾರಿಗೆ ಫರೀದಸಾಹೇಬ ಎಂಬ ಶಿಕಲಗಾರರು ಮೊದಲು ವಾದ್ಯಗಳ ರಿಪೇರಿ, ಆಮೇಲೆ ಹೊಸ ವಾದ್ಯಗಳನ್ನೇ ಮಾಡಲು ತೊಡಗಿದರು. ಇವತ್ತಿನ ಸತಾರ್‌ಮೇಕರರ ಕಸುಬಿಗೆ ಅವರೇ ಮೂಲಪುರುಷರು. ನಮ್ಮ ಹುಡುಗನಂತೆ ಅವರೇನೂ ಇದ್ದ ನೌಕರಿಯನ್ನು ಬಿಟ್ಟವರಲ್ಲ. ನೌಕರಿಯೇ ಅವರನ್ನು ಬಿಟ್ಟಿತ್ತು. ಎರಡಕ್ಕೂ ಬಹಳ ಅಂತರವಿದೆ.

ನಾವು ಹೋದ ಅಂಗಡಿಯ ಮಾಲಕರು ಎಪ್ಪತ್ತರ ಆಚೆಯ ವಯಸ್ಸಿನವರು. ಧಾರವಾಡದ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಕನ್ನಡ ಚೆನ್ನಾಗಿಯೇ ಬರುತ್ತದೆ. "ಬರ್ರಿ, ಕೂಡ್ರಿ. ಚಾ ತಗೋರಿ, ಆಮ್ಯಾಲ ಮಾತು" ಎಂದರು. ಮೇಲೆ ಜಂತಿಗೆ ಸೋರೆ ಬುರುಡೆಗಳು ತೂಗುತ್ತಿದ್ದವು. ಇವು ತಿನ್ನುವ ಸೋರೆಯಲ್ಲ, ಕಹಿ ಜಾತಿ. ಪಂಢರಪುರ, ಮಂಗಳವೇಢೆ ಸೀಮೆಯ ಹೊಲಗಳಿಂದ ಬರುತ್ತವೆ. ದಪ್ಪ ಸಿಪ್ಪೆಯ ದೊಡ್ಡ ಬುರುಡೆ ಸಿಗುವುದೇ ಕಷ್ಟ; ಮಳೆ ಹೆಚ್ಚಾದರೆ ಬಳ್ಳಿಯಲ್ಲೇ ಕೊಳೆಯುತ್ತದೆ. ಒಣಗಿಸಿ, ಕೊಯ್ದು, ನೀರಿನಲ್ಲಿ ನೆನೆಸಿ, ಒಳಗಿನಿಂದ ಕೋಲು ಕೊಟ್ಟು ಬೇಕಾದ ಆಕಾರಕ್ಕೆ ಹಿಗ್ಗಿಸುತ್ತಾರೆ. ಮೇಲೆ ತುಣ ಮರದ ದಂಡಿ, ನಾಲ್ಕು ಬಿರಡೆ, ನಾಲ್ಕು ತಂತಿ. ನೋಡಲಿಕ್ಕೆ ಇಷ್ಟೇ.

ಆದರೆ ಆಟವಿರುವುದು ಕುದುರೆಯ ಮೇಲೆ. ತಂತಿಗಳು ಹಾದುಹೋಗುವ ಆ ಅಗಲವಾದ ತುಂಡಿನ ಬೆನ್ನನ್ನು ಕೂದಲಿನಷ್ಟು ಇಳಿಜಾರಾಗಿ ಕಾನಸು ಹಾಕಿ ಸವರಬೇಕು. ಆಮೇಲೆ ತಂತಿಯ ಅಡಿಯಲ್ಲಿ ಒಂದು ಎಳೆ ನೂಲು. ಅದಕ್ಕೆ ಜೀವಾ ಎನ್ನುತ್ತಾರೆ, ನಮ್ಮಲ್ಲಿ ಜೀವಾಳ. ನೂಲು ಕೂಡುವ ಜಾಗಕ್ಕೆ ಕೂತಿತೋ, ಸತ್ತಂತಿದ್ದ ತಂತಿ ಝೇಂಕರಿಸಲು ಹತ್ತುತ್ತದೆ. ಈ ಗುಣಕ್ಕೆ ಜವಾರಿ ಎಂದು ಹೆಸರು. ನಮ್ಮ ಕಡೆ ಜವಾರಿ ಎಂದರೆ ನಾಟಿ ಎಂಬ ಅರ್ಥ. ಜವಾರಿ ಕೋಳಿ, ಜವಾರಿ ಬದನಿಕಾಯಿ. ಆ ಮಾತಿಗೂ ಇದಕ್ಕೂ ಸಂಬಂಧ ಹಚ್ಚಲು ನಾನು ಹೋಗುವುದಿಲ್ಲ. ಆದರೂ ಬೆಳಗಾವಿ ಜಿಲ್ಲೆಯವನ ಕಿವಿಗೆ ಆ ಶಬ್ದ ಬಿದ್ದಾಗ ರುಚಿಯೂ ಜೊತೆಗೇ ಬರುತ್ತದೆ.

ಹುಡುಗ ನಡುವೆ ಬಾಯಿ ಹಾಕಿದ: "ಚಾಚಾ, ಜವಾರಿ ಸರಿ ಬಂತು ಅಂತ ಹೆಂಗ ಗೊತ್ತಾಗತದ? ಅಳತಿ ಏನರ ಐತಿ?"

"ಅಳತಿ ಎಲ್ಲಿಂದು ತಮ್ಮಾ? ಕಿವಿಗೆ ಗೊತ್ತಾಗತದ."

ಅಳತೆ ಹುಡುಕಿದವರು ಇಲ್ಲವೆಂದಲ್ಲ. ಸರ್ ಸಿ.ವಿ. ರಾಮನ್ ಕಲಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ತಂತಿಯನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಮೀಟಿದರೆ, ಆ ಜಾಗದಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು ಕೇಳಿಸಬಾರದು ಎಂಬುದು ಯುರೋಪಿನ ವಿಜ್ಞಾನಿಗಳ ನಿಯಮ. ಉದಾಹರಣೆಗೆ, ನಟ್ಟನಡುವೆ ಮೀಟಿದರೆ ಎರಡನೆಯದು, ನಾಲ್ಕನೆಯದು ಹುಟ್ಟಕೂಡದು. ತಂಬೂರಿಯಲ್ಲಿ ಅವು ರಾಜಾರೋಷವಾಗಿ ಕೇಳಿಸುತ್ತವೆ! ಕಾರಣ ಈ ಇಳಿಜಾರು ಕುದುರೆ. ತಂತಿ ಕುಣಿಯುವಾಗ ಅದರ ಬೆನ್ನನ್ನು ಮುಟ್ಟಿ ಮುಟ್ಟಿ ಹೋಗುತ್ತದೆ, ಮುಟ್ಟಿದಾಗಲೆಲ್ಲ ಹೊಸ ಸ್ವರಗಳು ಏಳುತ್ತವೆ. ಗಲ್ಲಿಯ ಕುಶಲಕರ್ಮಿಗಳು ತಲೆಮಾರುಗಳಿಂದ ಕಾನಸಿನಿಂದ ಮಾಡುತ್ತಿದ್ದುದನ್ನು ರಾಮನ್ ಲೆಕ್ಕಕ್ಕೆ ತಂದರು.

ಇನ್ನೊಬ್ಬ ಅಳತೆಗಾರರು ಪಕ್ಕದ ಸಾಂಗಲಿಯವರೇ. ಕೃಷ್ಣಾಜಿ ಬಲ್ಲಾಳ ದೇವಲ್ ನಿವೃತ್ತ ಡೆಪ್ಯುಟಿ ಕಲೆಕ್ಟರ್. 'ಶಾರದಾ' ನಾಟಕದ ಗೋವಿಂದ ಬಲ್ಲಾಳ ದೇವಲರ ಅಣ್ಣತಮ್ಮಂದಿರಲ್ಲಿ ಒಬ್ಬರು. ನಮ್ಮ ಸಂಗೀತದ 22 ಶ್ರುತಿಗಳನ್ನು ಗಣಿತದಿಂದ ಹಿಡಿಯಬೇಕೆಂದು ಹೊರಟು 1910ರಲ್ಲಿ ಪುಸ್ತಕ ಬರೆದರು. ಹಾಡಿ ತೋರಿಸಿ ನೆರವಾದವರು ಮಿರಜದ ಖಾನಸಾಹೇಬ ಅಬ್ದುಲ್ ಕರೀಮ್ ಖಾನ್. ಕುಂದಗೋಳದ ಸವಾಯಿ ಗಂಧರ್ವರ ಗುರುಗಳೆಂದರೆ ನಮ್ಮ ಓದುಗರಿಗೆ ಬೇರೆ ಪರಿಚಯ ಬೇಡ. ಖಾನಸಾಹೇಬರು ಸ್ವತಃ ತಂಬೂರಿ ರಿಪೇರಿಯಲ್ಲಿ ಪಳಗಿದ ಕೈ. ದೇವಲರ ಲೆಕ್ಕ ಹಿಡಿದು ಐ.ಸಿ.ಎಸ್. ಅಧಿಕಾರಿ ಕ್ಲೆಮೆಂಟ್ಸ್ ಲಂಡನ್ನಿನಲ್ಲಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ಯಂತ್ರವೇನೋ ತಯಾರಾಯಿತು, ಆದರೆ ನುಡಿಸುವವರು ಯಾರು? ಹನ್ನೆರಡು ಸ್ವರದ ಸಾದಾ ಪೆಟ್ಟಿಗೆಯೇ ಭಜನಿ ಮೇಳದಿಂದ ಕಂಪನಿ ನಾಟಕದವರೆಗೆ ಎಲ್ಲರ ಮನೆ ಸೇರಿತು. ದೇವಲರು ಪಿಂಚಣಿ ಕೈಗೆ ಬಂದ ಮೇಲೆ ಈ ಉಸಾಬರಿಗೆ ಬಿದ್ದವರು, ಕಂತು ಕಟ್ಟುವ ಚಿಂತೆ ಇರಲಿಲ್ಲ. ಇದನ್ನು ನಮ್ಮ ಹುಡುಗನಿಗೆ ಒತ್ತಿಯೇ ಹೇಳಿದೆ.

ಎಚ್‌ಎಎಲ್ ಬಿಟ್ಟ ಕೊಳಲುಗಾರ

ಅವನೂ ಬಿಡುವ ಆಸಾಮಿಯಲ್ಲ. "ಕಾಕಾ, ಕಿರ್ಲೋಸ್ಕರ ಲಕ್ಷ್ಮಣರಾವ್ ಏನ ಪಿಂಚಣಿ ಇಟಗೊಂಡು ಮಾಡಿದ್ರನು?" ಎಂದ. ಹೌದು, ಮಾತು ಖರೆ. ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುವ ನೌಕರಿ ಬಿಟ್ಟು ಬೆಳಗಾವಿಗೆ ಬಂದು, ಸಾಯಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಹೋದವರು. ಕಬ್ಬಿಣ ತಾಕಿದರೆ ಭೂಮಿ ಕೆಡುತ್ತದೆ ಎಂದು ರೈತರು ನೇಗಿಲು ಮುಟ್ಟಲಿಲ್ಲ. ಬೆಳಗಾವಿಯಲ್ಲಿ ಜಾಗವೂ ತಪ್ಪಿತು. ಔಂಧದ ರಾಜರು ಕುಂಡಲದ ಬಳಿ ಮಾಳಭೂಮಿ ಕೊಟ್ಟದ್ದರಿಂದ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮಿರಜದಿಂದ ಪುಣೆಗೆ ರೈಲಿನಲ್ಲಿ ಹೋಗುವವರು ಆ ನಿಲ್ದಾಣ ದಾಟಿಯೇ ಹೋಗಬೇಕು. ಆದರೆ ನೇಗಿಲಿನ ಉದಾಹರಣೆ ತಂಬೂರಿಗೆ ಅಷ್ಟು ಒಪ್ಪುವುದಿಲ್ಲ. ಅದಕ್ಕೆ ಹತ್ತಿರದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಇದ್ದವನಿಗೆ ಅದು ಗೊತ್ತಿರಲಿಲ್ಲ!

ಜಿ. ರಾಜನಾರಾಯಣ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಇಲೆಕ್ಟ್ರಾನಿಕ್ಸ್ ಎಂಜಿನಿಯರ್. ಜೊತೆಗೆ ಕರ್ನಾಟಕ ಸಂಗೀತದ ಕೊಳಲು ವಾದಕರು. ತಂಬೂರಿ ಹೊತ್ತು ಊರೂರು ತಿರುಗುವುದು, ಕಚೇರಿಗೆ ಮೀಟುವವರನ್ನು ಹುಡುಕುವುದು, ಪ್ರಯಾಣದಲ್ಲಿ ಬುರುಡೆ ಒಡೆಯುವುದು, ಇವೆಲ್ಲ ಕಲಾವಿದರಿಗೆ ದಿನದ ಗೋಳು. 1979ರಲ್ಲಿ ಅವರು ಇಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಎಚ್‌ಎಎಲ್ ನೌಕರಿ ಬಿಟ್ಟು ರೇಡೆಲ್ ಎಂಬ ಸ್ವಂತ ಸಂಸ್ಥೆಯನ್ನೂ ಕಟ್ಟಿದರು. ಆ ಕಾಲದಲ್ಲಿ ಎಚ್‌ಎಎಲ್ ಬಿಡುವುದೆಂದರೆ ಏನು? ವಸತಿ, ಕಾರ್ಖಾನೆಯ ಬಸ್ಸು, ಭವಿಷ್ಯನಿಧಿ, ಹೆಣ್ಣು ಕೊಡುವವರ ಸಾಲು, ಎಲ್ಲವನ್ನೂ ಬಿಟ್ಟಂತೆ. ಬಂಡವಾಳ ಹೂಡಲು ಬರುವವರೂ ಆಗ ಇರಲಿಲ್ಲ.

ರೇಡೆಲ್ ಪೆಟ್ಟಿಗೆಯನ್ನು ಮೊದಲು ಕೇಳಿದ ಹಳಬರು ಮೂಗು ಮುರಿದದ್ದು ನನಗೆ ನೆನಪಿದೆ. 'ದುಂಬಿ ಹೊಕ್ಕ ಡಬ್ಬಿ' ಎಂದವರೂ ಉಂಟು. ಅದೇ ಹಳಬರು ನಾಲ್ಕು ವರ್ಷದಲ್ಲಿ ಬೆಳಗಿನ ಖರಜ ಸಾಧನೆಗೆ ಅದನ್ನೇ ಹಚ್ಚಿಕೊಂಡು ಕೂತರು. ಹೆಣ್ಣುಮಕ್ಕಳು ಅಡಿಗೆ ಮಾಡುತ್ತ ಶ್ರುತಿ ಹಿಡಿದು ಗುನುಗಲು ಸಾಧ್ಯವಾದದ್ದು ಆ ಪೆಟ್ಟಿಗೆಯಿಂದ. ಇದು ಸಣ್ಣ ಮಾತಲ್ಲ. ತಾಳಮಾಲಾ ಎಂಬ ಇಲೆಕ್ಟ್ರಾನಿಕ್ ತಬಲಾ ಕೂಡ ರೇಡೆಲ್‌ನದೇ. ಇನ್ನೊಂದು ತಮಾಷೆ ನೋಡಿ: ವಿಮಾನ ಕಾರ್ಖಾನೆ ಬಿಟ್ಟು ಬಂದವರ ಸಂಸ್ಥೆ ಮುಂದೆ ವಿಮಾನಗಳ ಇಲೆಕ್ಟ್ರಾನಿಕ್ ಭಾಗಗಳನ್ನೂ ಮಾಡತೊಡಗಿತು.

ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿ ಗೆದ್ದದ್ದು ಎಂಜಿನಿಯರಿಕೆಗಿಂತ ಹೆಚ್ಚಾಗಿ ಕೊಳಲು. ಒಂದು ಸ್ವರವನ್ನು ಬಿಡದೆ ಹೊರಡಿಸುವ ವಿದ್ಯುತ್ ಮಂಡಲವನ್ನು ಯಾವ ಡಿಪ್ಲೊಮಾ ಹುಡುಗನೂ ಹೆಣೆದಾನು. ಅದು ತಂಬೂರಿಯಂತೆ ಕೇಳುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ಕೂತು ಹಾಡಿದ, ನುಡಿಸಿದ ಕಿವಿ ಬೇಕು.

ಜೇಬಿನೊಳಗಿನ ಖರಜ

ಪೆಟ್ಟಿಗೆಯ ಕಾಲವೂ ಇಳಿಯಿತು. ಆಪಲ್‌ನವರ ಆ್ಯಪ್ ಅಂಗಡಿ 2008ರಲ್ಲಿ ತೆರೆಯಿತು, ಅದರ ಬೆನ್ನಿಗೇ ಆಂಡ್ರಾಯಿಡ್‌ನದು. ತಂಬೂರಿ, ತಬಲಾ, ಲೆಹರಾಗಳೆಲ್ಲ ಫೋನಿಗೆ ಇಳಿದವು. ಪುಣೆಯ ಸಂದೀಪ ರಾನಡೆ ಸಾಫ್ಟ್‌ವೇರ್ ಎಂಜಿನಿಯರರೂ ಹೌದು, ಪಂಡಿತ ಜಸರಾಜರ ಶಿಷ್ಯರಾದ ಗಾಯಕರೂ ಹೌದು. ಅವರ 'ನಾದಸಾಧನಾ'ಕ್ಕೆ 2021ರಲ್ಲಿ ಆಪಲ್ ಕಂಪನಿಯ ವಿನ್ಯಾಸ ಪ್ರಶಸ್ತಿ ಬಂತು. ಹಾಡುವವನ ದನಿಯನ್ನು ಕೇಳಿ, ಸ್ವರ ಎಲ್ಲಿ ಜಾರಿತು ಎಂದು ಅಲ್ಲಿಂದಲ್ಲೇ ತೋರಿಸುವ ತಂತ್ರಾಂಶ ಅದು. ಇಲ್ಲಿಯೂ ಮತ್ತೆ ಗಾಯಕನೇ ಎಂಜಿನಿಯರ್! ದೊಡ್ಡ ಊರೇ ಬೇಕು ಎಂದೇನಿಲ್ಲ. ಉಡುಪಿಯಲ್ಲಿ ರೋಹಿತ್ ಭಟ್ 1996ರಲ್ಲಿ ಆರಂಭಿಸಿದ ರೋಬೊಸಾಫ್ಟ್ ಆಪಲ್ ಕಂಪ್ಯೂಟರಿನ ತಂತ್ರಾಂಶದಿಂದ ಮೊಬೈಲಿಗೆ ಹೊರಳಿ, 2021ರಲ್ಲಿ ಜಪಾನಿನ ಟೆಕ್ನೊಪ್ರೊ ಅದನ್ನು 805 ಕೋಟಿ ರೂಪಾಯಿಗೆ ಕೊಳ್ಳುವ ಮಟ್ಟಕ್ಕೆ ಬೆಳೆಯಿತು. ಈ ಅಂಕಿಯನ್ನು ಹುಡುಗ ಅಣ್ಣನೆದುರು ಆಗಲೇ ಹತ್ತು ಸಲ ಹೇಳಿದ್ದಾನಂತೆ. ಅಣ್ಣನ ಉತ್ತರ: "ಅವರು ನೂರಾರು ಮಂದಿಗೆ ಪಗಾರ ಕೊಟ್ಟು ಅಲ್ಲಿಗೆ ಮುಟ್ಟಿದರು. ನಿನಗ ಪಗಾರ ಕೊಡವರು ಯಾರು?"

ಪ್ರಶ್ನೆ ಸರಿಯಾದದ್ದೇ. ಮಾರುಕಟ್ಟೆಯಲ್ಲಿ ಪುಕ್ಕಟೆ ತಂಬೂರಿಗಳು ಸಾಲು ಹಿಡಿದು ನಿಂತಿವೆ. ತೋಡಿಯ ಗಂಧಾರಕ್ಕೆ ಕಣ್ಣು ಮುಚ್ಚಿದ ಹೊತ್ತಿಗೆ ಸಾಲ ಬೇಕೇ, ಸೀರೆ ಬೇಕೇ ಎಂಬ ಜಾಹೀರಾತು ಒದರಿದರೂ ಜನ ಸಹಿಸುತ್ತಾರೆ, ಪುಕ್ಕಟೆಯಲ್ಲವೇ! ರೊಕ್ಕ ಕೊಟ್ಟು ಕೊಳ್ಳುವವರಿದ್ದರೂ ಆಪಲ್‌ನವರು ಸಣ್ಣ ತಯಾರಕರಿಂದ ನೂರಕ್ಕೆ 15, ದೊಡ್ಡವರಿಂದ 30 ಮುರಿದುಕೊಳ್ಳುತ್ತಾರೆ. ಅಂಗಡಿಯಲ್ಲಿ ಮಾಲು ಇಡಲು ವರ್ಷಕ್ಕೆ 99 ಡಾಲರ್ ಬೇರೆ. ಗೂಗಲ್‌ನವರದು ಒಂದೇ ಸಲ 25 ಡಾಲರ್. ನಮ್ಮ ಅಡತಿ ದಲಾಲರನ್ನು ಬೈಯುವವರು ಈ ದಲಾಲಿಯನ್ನೂ ಒಮ್ಮೆ ಲೆಕ್ಕ ಹಾಕಲಿ.

ಹಾಗಾದರೆ ಇವನು ಹೊಸದಾಗಿ ಮಾಡುವುದೇನು? ಚಾಚಾರ ಅಂಗಡಿಯಲ್ಲೇ ಅದು ಸ್ವಲ್ಪ ಬಿಡಿಸಿತು. ಹುಡುಗ ತನ್ನ ಫೋನಿನ ತಂಬೂರಿ ಕೇಳಿಸಿದ. ಚಾಚಾ ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿ, "ಇದು ಒಂದ ಸುತ್ತ ಹಾಡಿ ಅದನ್ನ ತಿರುಗಿ ತಿರುಗಿ ಹಾಡಾಕ ಹತ್ತೇತಿ. ಖರೆ ತಂಬೂರಿ ಎರಡನೇ ಸುತ್ತ ಬ್ಯಾರೆ ಇರತದ" ಎಂದರು. ಹುಡುಗನ ಮುಖ ನೋಡಬೇಕಿತ್ತು! ಕೆಲವು ಸೆಕೆಂಡಿನ ಧ್ವನಿಮುದ್ರಣವನ್ನು ತುದಿಗೆ ತುದಿ ಹೊಂದಿಸಿ ಸುತ್ತಿಸುವುದೇ ಇಂಥ ಬಹುಪಾಲು ತಂತ್ರಾಂಶಗಳ ಗುಟ್ಟು. ಆ ಹೊಲಿಗೆ ಇವನ ಕಿವಿಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಮತ್ತೆ ಕಾಳಿ ಏಕಕ್ಕೆ ಮುದ್ರಿಸಿದ್ದನ್ನು ಗಣಿತದಿಂದ ಎಳೆದು ಹೆಣ್ಣುದನಿಯ ಶ್ರುತಿಗೆ ಏರಿಸಿದರೆ ಸ್ವರ ಸರಿ ಬಂದರೂ ಬುರುಡೆಯ ಗುಣ ಹೋಗುತ್ತದೆ. ದೊಡ್ಡ ತಂಬೂರಿಯನ್ನು ಹಿಂಡಿ ಸಣ್ಣದು ಮಾಡಿದಂತೆ. ಗಂಡಸರ ತಂಬೂರಿ ಬೇರೆ, ಹೆಂಗಸರದು ಬೇರೆ, ಅಳತೆಯೇ ಬೇರೆ ಎಂದು ಗಲ್ಲಿಯಲ್ಲಿ ಸಣ್ಣ ಹುಡುಗನೂ ಹೇಳುತ್ತಾನೆ.

ಮೂರನೆಯ ತೊಡಕು ಖರಜದ್ದು. ಕಾಳಿ ಏಕದ ಗಾಯಕನ ತಂಬೂರಿಯಲ್ಲಿ ಕೊನೆಯ ದಪ್ಪ ತಂತಿ ಸೆಕೆಂಡಿಗೆ 69 ಸಲ ಕುಣಿಯುತ್ತದೆ. ಫೋನಿನ ಗುಂಡಿಯಂಥ ಸ್ಪೀಕರಿಗೆ 200ರ ಕೆಳಗಿನದನ್ನು ನೆಟ್ಟಗೆ ಹೊರಡಿಸುವ ತಾಕತ್ತಿಲ್ಲ. ಆದರೂ ನಮಗೆ ಖರಜ ಕೇಳಿಸುತ್ತದಲ್ಲ? ಕೇಳಿಸುವುದು ಮೇಲಿನ ಉಪಸ್ವರಗಳು. ಅವುಗಳ ಅಂತರದಿಂದ ಮೂಲಸ್ವರವನ್ನು ಮೆದುಳು ತಾನೇ ಕಟ್ಟಿಕೊಳ್ಳುತ್ತದೆ. ಹೀಗಾಗಿ ಜವಾರಿ ಚೆನ್ನಾಗಿ ತೆಗೆದ ತಂಬೂರಿಯ ಮುದ್ರಣ ಫೋನಿನಲ್ಲೂ ತುಂಬಿ ಬರುತ್ತದೆ, ಮೊಂಡ ತಂಬೂರಿಯದು ತಗಡಿನಂತೆ ಬಡಿಯುತ್ತದೆ. ಅಂದರೆ ಫೋನಿನ ತಂಬೂರಿಗೂ ಕಾನಸು ಹಿಡಿದ ಕೈಯೇ ಬೇಕು. ಹಾಡುವವರ ಜೇಬಿನಲ್ಲಿ ಮಿಡಿಯುವ ತಂಬೂರಿಗಳಲ್ಲಿ ಎಷ್ಟೋ ಈ ಗಲ್ಲಿಯಲ್ಲೇ ಹುಟ್ಟಿರಬಹುದು. ಮಾಡಿದವನ ಹೆಸರು ಯಾವ ಪರದೆಯ ಮೇಲೂ ನನಗೆ ಕಂಡಿಲ್ಲ.

"ಫೋನ್ ಬಂದು ನಿಮ್ಮ ಹೊಟ್ಟಿ ಮ್ಯಾಲೆ ಬಡೀತೇನ್ರಿ ಚಾಚಾ?" ಎಂದು ನಾನೇ ಕೇಳಿದೆ. ಸಿಟ್ಟಾಗುತ್ತಾರೇನೋ ಎಂದು ಅಂಜಿಕೆಯಿತ್ತು. ಸಿಟ್ಟಾಗಲಿಲ್ಲ. ಮೊದಲು ಗಾಯನ ಶಾಲೆಗೆ ಹೆಸರು ಹಚ್ಚಿದ ಕೂಡಲೇ ಹುಡುಗಿಯ ಅಪ್ಪ ಸಣ್ಣ ತಂಬೂರಿ ಒಯ್ಯುತ್ತಿದ್ದ, ಆ ಗಿರಾಕಿ ಈಗ ಬರುವುದಿಲ್ಲ ಎಂದರು. ವೇದಿಕೆಗೆ ಇನ್ನೂ ಜೋಡಿ ತಂಬೂರಿ ಬೇಕು, ಅದು ತಪ್ಪಿಲ್ಲ. 2020ರಲ್ಲಿ ಕಚೇರಿಗಳೇ ನಿಂತಾಗ ಮಾತ್ರ ಎರಡೂ ತಪ್ಪಿದವು. ಮಿರಜದ ಸಿತಾರಿಗೆ ಒಂದು, ತಾನಪುರಾಕ್ಕೆ ಒಂದು ಎಂದು 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಬೇರೆ ಊರಿನ ಮಾಲಿಗೆ ಮಿರಜದ ಚೀಟಿ ಅಂಟಿಸುವುದು ಇದರಿಂದ ತಪ್ಪೀತು. ಆದರೆ ತಂಬೂರಿಯ ನಾದಕ್ಕೆ, ಮುದ್ರಿಸಿಕೊಂಡ ಆ ನಾಲ್ಕು ತಂತಿಯ ಧ್ವನಿಗೆ, ಯಾವ ಚೀಟಿಯೂ ಇಲ್ಲ. ಚಾಚಾರ ಇಬ್ಬರು ಮೊಮ್ಮಕ್ಕಳಲ್ಲಿ ಒಬ್ಬ ಸಾಂಗಲಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಕಂಪ್ಯೂಟರ್ ವಿಭಾಗ. ಓದು ಮುಗಿದ ಮೇಲೆ ಪುಣೆಯೋ, ಬೆಂಗಳೂರೋ. ನಮ್ಮವನು ಅಲ್ಲಿಂದ ಇತ್ತ ಬರುತ್ತೇನೆ ಎನ್ನುತ್ತಾನೆ, ಅವನು ಇಲ್ಲಿಂದ ಅತ್ತ ಹೊರಟಿದ್ದಾನೆ.

ಸಂಜೆ ಮೀರಾಸಾಹೇಬ ದರ್ಗಾದ ಕಡೆ ಹೋದೆವು. 1937ರಲ್ಲಿ ಪಾಂಡಿಚೇರಿಗೆ ಹೋಗುವ ಹಾದಿಯಲ್ಲಿ ರೈಲು ನಿಲ್ದಾಣದಲ್ಲೇ ಕಣ್ಣು ಮುಚ್ಚಿದ ಅಬ್ದುಲ್ ಕರೀಮ್ ಖಾನರ ಸಮಾಧಿ ಇಲ್ಲಿದೆ. ವರ್ಷಕ್ಕೊಮ್ಮೆ ಇಲ್ಲಿ ಸಂಗೀತ ಸಭೆ ನಡೆಯುತ್ತದೆ, ನಮ್ಮ ಕಡೆಯ ಗಾಯಕರೂ ಹಾಜರಿ ಹಚ್ಚುತ್ತಾರೆ. ಅಲ್ಲಿ ಕೂತು ಹುಡುಗ ತನ್ನ ಹೊಸ ಲೆಕ್ಕ ಹೇಳಿದ. ಒಂದೊಂದು ಶ್ರುತಿಗೆ ಒಂದೊಂದು ನಿಜವಾದ ತಂಬೂರಿ. ಒಂದೊಂದರದೂ ಒಂದು ತಾಸಿನ ಮುದ್ರಣ, ಸುತ್ತಿಸುವುದಿಲ್ಲ. ತಂಬೂರಿ ಆಯ್ದುಕೊಂಡಾಗ ಪರದೆಯ ಮೇಲೆ ಮಾಡಿದವರ ಹೆಸರು, ಮಾರಾಟದಲ್ಲಿ ಅವರಿಗೊಂದು ಪಾಲು. "ಪಾಲು ಎಷ್ಟು?" ಎಂದೆ. ನೂರಕ್ಕೆ ಹತ್ತು ಎಂದ. ಆಪಲ್‌ನವರಿಗೆ ಹದಿನೈದು, ತಂಬೂರಿ ಮಾಡಿದವನಿಗೆ ಹತ್ತು ಯಾವ ನ್ಯಾಯವೋ ತಮ್ಮಾ ಎಂದು ಕೇಳಿದ್ದಕ್ಕೆ ಸುಮ್ಮನಾದ. ಮರುದಿನ ಚಾಚಾರೆದುರು ಅವನ ಬಾಯಿಂದ ಇಪ್ಪತ್ತು ಎಂದು ಬಂತು. ಚಾಚಾ ಅದಕ್ಕೂ ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. "ಮೊದಲ ತುಂಬಿಕೋ, ಕೇಳೋಣ. ನನ್ನ ತಂಬೂರಿ ಆಗಿ ಕೇಳಿಸಲಿಲ್ಲ ಅಂದ್ರ ನನ್ನ ಹೆಸರ ಹಾಕಬ್ಯಾಡ" ಎಂದರು.

ಅಣ್ಣನಿಗೆ ನಾನು ಇಷ್ಟೇ ಹೇಳಿದೆ: ಆರು ತಿಂಗಳು ನೌಕರಿ ಬಿಡುವುದಿಲ್ಲ, ಎರಡು ಶನಿವಾರಕ್ಕೊಮ್ಮೆ ಮಿರಜಕ್ಕೆ ಬರುತ್ತಾನೆ. ಅಣ್ಣ ಊಟಕ್ಕೇನೋ ಕೂತ, ಮಾತು ಮಾತ್ರ ಇನ್ನೂ ಸರಿಯಾಗಿಲ್ಲ. ಈವರೆಗೆ ಮೂರು ತಂಬೂರಿಗಳ ಮುದ್ರಣ ಆಗಿದೆ. ಒಂದನ್ನು ಗಲ್ಲಿಯ ಸ್ಕೂಟರ್ ಸದ್ದಿನಿಂದ ಮತ್ತೊಮ್ಮೆ ಮಾಡಬೇಕಾಯಿತು. ಈಗ ರಾತ್ರಿ ಹನ್ನೊಂದರ ಮೇಲೆಯೇ ಕೆಲಸ. ನಾಲ್ಕನೆಯದು ಕಾಳಿ ಪಾಚದ್ದು, ಅದರ ಕುದುರೆಗೆ ಇನ್ನೂ ಜವಾರಿ ತೆಗೆಯಬೇಕು. ಗುರುವಾರ ಬಂದು ನೋಡಿ ಎಂದಿದ್ದಾರೆ ಚಾಚಾ.